ಗ್ಯಾಲರಿಗಿಂತ ಮೊದಲು ಗಾಡಿಗೆ ಜಾಗ

ಊರಿಗೊಂದು ಆಟದ ಮೈದಾನ ಬರುತ್ತದೆ ಎಂದರೆ ಬೇಡ ಎನ್ನುವವರು ಯಾರಿದ್ದಾರೆ? ಕೊಯ್ದ ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ, ಗುಡ್ಡೆಯ ಹಾಸುಪಾರೆಯ ಮೇಲೆ ಕಬಡ್ಡಿ, ವಾಲಿಬಾಲ್ ಆಡಿ ಬೆಳೆದವರೇ ನಾವು. ಈಗ ಕೇರಳ ಸರಕಾರದ 'ಒಂದು ಪಂಚಾಯತು, ಒಂದು ಮೈದಾನ' ಯೋಜನೆಯಲ್ಲಿ ಒಂದೊಂದು ಮೈದಾನಕ್ಕೆ 1 ಕೋಟಿ ರೂಪಾಯಿಯ ಲೆಕ್ಕ ಹಾಕಲಾಗಿದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪಂಚಾಯತುಗಳಿಗೂ ಇದು ಸಲ್ಲಬೇಕಾದದ್ದೇ. ಆದರೆ ಮೈದಾನದ ಮಾತು ಬಂದಾಗಲೆಲ್ಲ ನಾವು ಕೇಳುವುದು ಗ್ಯಾಲರಿಗೆ ಎಷ್ಟು ಮೆಟ್ಟಿಲು, ಲೈಟಿಗೆ ಎಷ್ಟು ಕಂಬ ಅಂತ. ಬಂದವರ ಗಾಡಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಮಾತ್ರ ಉದ್ಘಾಟನೆಯ ದಿನ ಸಂಜೆಯೇ ಏಳುವುದು.

ಒಂದು ಸಾದಾ ಲೆಕ್ಕ ನೋಡೋಣ. ರಾತ್ರಿಯ ಪಂದ್ಯಕ್ಕೆ ಸಾವಿರ ಜನ ಸೇರಿದರು ಅನ್ನಿ. ನಾಲ್ಕು ನಾಲ್ಕು ಜನರಂತೆ 100 ಕಾರು, ಇಬ್ಬಿಬ್ಬರಂತೆ 200 ಬೈಕು, ಉಳಿದವರು ಬಸ್ಸಿನಲ್ಲೋ ರಿಕ್ಷಾದಲ್ಲೋ ನಡೆದೋ ಬಂದವರು. ಬಯಲಿನಲ್ಲಿ ಒಂದು ಕಾರು ನಿಲ್ಲಿಸಿ, ತಿರುಗಿಸಿ, ಹೊರತೆಗೆಯಲು 23 ಚದರ ಮೀಟರ್ ಬೇಕು ಎಂಬುದು ನಗರ ಯೋಜನೆಯವರು ಹಿಡಿಯುವ ಲೆಕ್ಕ. ಆ ಜಾಗದಲ್ಲಿ ನಾಲ್ಕು ಬೈಕು ಹಿಡಿಸುತ್ತವೆ. ಕೂಡಿಸಿದರೆ ಸುಮಾರು 85 ಸೆಂಟ್ಸ್ ಭೂಮಿ. ಅಂದರೆ ಒಂದು ಪೂರ್ತಿ ಫುಟ್‌ಬಾಲ್ ಮೈದಾನದ ಹತ್ತಿರ ಹತ್ತಿರ ಅರ್ಧ! ಇಷ್ಟು ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಸಿಗುವುದು ರಸ್ತೆಯ ಎರಡೂ ಬದಿಯಲ್ಲಿ, ಅಂಗಡಿಯ ಬಾಗಿಲಿನಲ್ಲಿ, ಯಾರದೋ ತೋಟದ ಗೇಟಿನೆದುರಿನಲ್ಲಿ.

ನಮ್ಮ ಪಂಚಾಯತು ರಸ್ತೆಗಳ ಅಗಲ ಎಲ್ಲರಿಗೂ ಗೊತ್ತಿದ್ದದ್ದೇ. ಎದುರಿನಿಂದ ಬಸ್ಸು ಬಂದರೆ ಪಿಕಪ್ಪಿನವನು ಹಿಂದೆ ಸರಿಯಬೇಕು. ಅಂಥ ಕಡೆ ಸಾಲಾಗಿ ಕಾರು ನಿಂತರೆ ಹಾಲಿನ ಗಾಡಿ, ಅಡಿಕೆ ಹೊತ್ತ ಲಾರಿ ಹೋಗುವುದೆಲ್ಲಿಂದ? ಹೆದ್ದಾರಿ ಬದಿಯ ಪೇಟೆಗಳ ಪಾಡು ಇನ್ನೊಂದು ಥರ. ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಆರು ಲೇನ್ ಆಯಿತು. ಗಾಡಿಯವನು ಆಚೆ ಬದಿಗೆ ದಾಟಬೇಕಾದರೆ ಅಂಡರ್‌ಪಾಸ್ ಹುಡುಕಬೇಕು. ಅಲ್ಲಿಯವರೆಗೆ ಸರ್ವಿಸ್ ರಸ್ತೆಯೇ ಗತಿ. ಅದರ ಮೇಲೆಯೇ ಪಂದ್ಯದ ಗಾಡಿಗಳೂ ನಿಂತರೆ ಇಡೀ ಪೇಟೆ ಕಟ್ಟಿಹೋಗುತ್ತದೆ.

ಒಂದು ರಾತ್ರಿಯ ತೊಂದರೆ ತಾನೇ, ಸಹಿಸಿಕೊಳ್ಳಿ ಎನ್ನುವವರಿದ್ದಾರೆ. ಅವರಿಗೊಂದು ನೆನಪು ಮಾಡಬೇಕು. ತುರ್ತು ಚಿಕಿತ್ಸೆಗೆ ನಾವು ಇಂದಿಗೂ ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಚಿಕಿತ್ಸೆಗೆ ತಲುಪಲಾಗದೆ ಜೀವ ಹೋದವರ ಮನೆಗಳು ಈ ಭಾಗದಲ್ಲೇ ಇವೆ. ದಾರಿ ಮುಚ್ಚಿದರೆ ಏನಾಗುತ್ತದೆಂದು ಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗ ಮುಚ್ಚಿದ್ದು ಮಣ್ಣು. ಕಾರಿನ ಸಾಲು ಮುಚ್ಚಿದರೂ ರೋಗಿಗೆ ವ್ಯತ್ಯಾಸವಿಲ್ಲ.

ದೊಡ್ಡ ಊರಿನ ಪಾಠವೂ ಕಣ್ಣೆದುರಿಗಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಸತ್ತದ್ದು ಆಟದ ಅಂಕಣದಲ್ಲಲ್ಲ, ಹೊರಗೆ. ಆ ಬಳಿಕ ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗವು, ಅಲ್ಲಿನ ರಚನೆಯೇ ದೊಡ್ಡ ಜನಜಂಗುಳಿಗೆ ತಕ್ಕದ್ದಲ್ಲ ಎಂದಿತು. ನಮ್ಮದು ಸಣ್ಣ ಊರು ನಿಜ. ಆದರೆ ನಮ್ಮ ದಾರಿಯೂ ಸಣ್ಣದೇ ಅಲ್ಲವೇ?

ಹಾಗಾದರೆ ಮಾಡಬೇಕಾದ್ದೇನು? ಎಸ್ಟಿಮೇಟ್ ಆಗುವ ಮೊದಲೇ ನಕ್ಷೆಯಲ್ಲಿ ಗಾಡಿಯ ಜಾಗ ಗುರುತಿಸಬೇಕು. ಒಳಬರುವ ದಾರಿ ಬೇರೆ, ಹೊರಹೋಗುವ ದಾರಿ ಬೇರೆ ಇರಬೇಕು. ರಸ್ತೆ ಒಂದೇ ಆದರೆ ಪಂದ್ಯದ ಹೊತ್ತು ಅದನ್ನು ಒಂದೇ ದಿಕ್ಕಿನದಾಗಿ ಮಾಡಬೇಕು. ಒಂದು ಗೇಟಿನಲ್ಲಿ ಕಾರಿಗೆ ಆರು ಸೆಕೆಂಡಿನಂತೆ ಹಿಡಿದರೂ ನೂರು ಕಾರು ಹೊರಬೀಳಲು ಹತ್ತು ನಿಮಿಷ. ಎದುರಿಗೊಂದು ಬಸ್ಸು ಸಿಕ್ಕಿಬಿದ್ದರೆ ಲೆಕ್ಕ ಮುಗಿಯಿತು. ಆಂಬುಲೆನ್ಸಿನ ದಾರಿಯಲ್ಲಿ ಯಾವ ಗಣ್ಯರ ಕಾರೂ ನಿಲ್ಲಕೂಡದು. ನಡೆದು ಬರುವ ಹೆಂಗಸರು, ಮಕ್ಕಳಿಗೆ ಬೇರೆಯೇ ಬಾಗಿಲು ಬೇಕು.

ದಿನವೂ ಪಂದ್ಯ ಇರುವುದಿಲ್ಲ. ಹಾಗಾಗಿ ಅಷ್ಟೂ ಜಾಗ ಖರೀದಿಸಲೇಬೇಕೆಂದಿಲ್ಲ. ಹತ್ತಿರದ ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿಗಳ ಅಂಗಳ, ಕೊಯ್ಲು ಮುಗಿದ ಗದ್ದೆ ಇವನ್ನು ಮೊದಲೇ ಮಾತಾಡಿ, ಕಾಗದದಲ್ಲಿ ಬರೆದು ಗೊತ್ತುಪಡಿಸಿಕೊಳ್ಳಬಹುದು. ಜಾತ್ರೆಗೆ ನಾವು ಮಾಡುವುದು ಹೀಗೆಯೇ ತಾನೆ? ಆದರೆ ಗದ್ದೆಗೆ ಮಣ್ಣು ತುಂಬಿಸುವ ಯೋಚನೆ ಬೇಡ. 2008ರ ಗದ್ದೆ ಸಂರಕ್ಷಣಾ ಕಾಯಿದೆ ಅದಕ್ಕೆ ಅಡ್ಡವಿದೆ. ಗುಡ್ಡೆ ಸಮತಟ್ಟು ಮಾಡಿ ಪೂರ್ತಿ ಕಾಂಕ್ರೀಟು ಹಾಕುವುದೂ ಬೇಡ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಜಿಲ್ಲೆ ನಮ್ಮದು. ಆ ನೀರೆಲ್ಲ ಕೆಂಪಾಗಿ ಇಳಿಯುವುದು ಕೆಳಗಿನ ಅಡಿಕೆ ತೋಟಕ್ಕೇ. ಮೊದಲು ಕಣಿ ತೋಡಿ ನೀರನ್ನು ತೋಡಿಗೆ ಮುಟ್ಟಿಸಲಿ, ಆಮೇಲೆ ನೆಲ ಹದಮಾಡಲಿ.

ಇದೆಲ್ಲ ಎಂಜಿನಿಯರರು ನೋಡಿಕೊಳ್ಳುವ ಕೆಲಸ ಎಂದು ಸುಮ್ಮನಿದ್ದರೆ ನಷ್ಟ ನಮಗೇ. ಮಳೆಗಾಲದಲ್ಲಿ ಯಾವ ತಿರುವಿನಲ್ಲಿ ಗಾಡಿ ಹೂತುಹೋಗುತ್ತದೆ, ಸಂಜೆ ಎಷ್ಟು ಗಂಟೆಗೆ ಕೊನೆಯ ಬಸ್ಸು ಹೊರಡುತ್ತದೆ ಎಂಬುದು ತಿಳಿದಿರುವುದು ಊರವರಿಗೆ. ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಲೇಬೇಕೆಂದು ಕಾನೂನಿದೆ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯಿದೆಯೇ ಕೊಟ್ಟಿದೆ. ಕೃಷಿಕರು, ವ್ಯಾಪಾರಿಗಳು, ರಿಕ್ಷಾದವರು ಒಟ್ಟಾಗಿ ಹೋಗಿ ಮೈದಾನದ ನಕ್ಷೆ ತೋರಿಸಿ ಎನ್ನಲಿ. ದಾರಿಯ ಫಲಕಗಳು ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಲಿ ಎಂದೂ ಹೇಳಲಿ. ಓದಲು ಬಂದರೆ ತಾನೇ ಪಾಲಿಸುವುದು.

ಮೈದಾನ ಬೇಕು ಮಾರಾಯ್ರೆ, ಖಂಡಿತ ಬೇಕು. ಮಕ್ಕಳು ಆಡಲಿ, ಊರಿಗೆ ಕಪ್ಪು ತರಲಿ. ಆದರೆ ಅವರು ಗೆದ್ದ ರಾತ್ರಿ, ಪಕ್ಕದ ಮನೆಯ ರೋಗಿಯ ಗಾಡಿಯೂ ತಡೆಯಿಲ್ಲದೆ ಮಂಗಳೂರು ಮುಟ್ಟುವಂತಿರಲಿ.