ಅಪರೂಪವಂತೆ!

‘ರೋಬೋಟ್ ಆಪರೇಷನ್ ಮೇಡಂ, ನಾಲ್ಕಾರು ಸಣ್ಣ ತೂತು ಅಷ್ಟೆ’ ಎಂದಿದ್ದರು. ಇಂಗ್ಲಿಷ್ ಕಾಗದ ಮುಂದಿಟ್ಟರು, ಸಹಿ ಹಾಕಿದೆ. ಓದದೆ ಸಹಿ ಮಾಡಬೇಡಿ ಎಂದು ಮಕ್ಕಳಿಗೆ ಹೇಳುತ್ತಲೇ ಬಂದವಳು ನಾನು!

ನಮ್ಮವರ ಪ್ರಾಸ್ಟೇಟ್ ಗ್ರಂಥಿಯೊಂದಿಗೆ ಕ್ಯಾನ್ಸರೂ ಹೋಯಿತು. ಅದಕ್ಕೆ ನಾನು ಋಣಿ. ಮೂತ್ರ ಸೋರಬಹುದು, ದಾಂಪತ್ಯಸುಖ ಕುಂದಬಹುದು ಎಂದಷ್ಟನ್ನು ಹೇಳಿದ್ದರು. ಆದರೆ ಒಂದೂವರೆ ವರ್ಷದ ಮೇಲೆ ಉರಿಮೂತ್ರ, ರಕ್ತ. ಅತ್ತೆ ಉಷ್ಣವೆಂದರು, ನಾನು ಬಾರ್ಲಿ ನೀರು ಕುಡಿಸಿದೆ. ಕೊನೆಗೆ ದುರ್ಬೀನು ಹಾಕಿ ನೋಡಿದರೆ, ಆಪರೇಷನ್ನಿನಲ್ಲಿ ರಕ್ತನಾಳಕ್ಕೆ ಹಾಕಿದ್ದ ಪ್ಲಾಸ್ಟಿಕ್ ಕ್ಲಿಪ್ಪು ಜರುಗಿ ಮೂತ್ರಕೋಶದೊಳಗೆ ಬಂದಿತ್ತು. ಅದರ ಸುತ್ತ ಕಲ್ಲು ಕಟ್ಟಿತ್ತು!

‘ಬಹಳ ಅಪರೂಪ’ ಎಂದರು ಡಾಕ್ಟರು. ಅವರಿಗೆ ನೂರಾರು ರೋಗಿಗಳು. ನನಗಿರುವುದು ಒಬ್ಬರೇ ಗಂಡ. ಅಪರೂಪವೆಂದರೆ ಹೇಳಬೇಕಾಗಿಲ್ಲ ಎಂದರ್ಥವೆ?

ತೊಡೆಸಂದಿನಲ್ಲಿ ಹರ್ನಿಯಾ, ಕಿಬ್ಬೊಟ್ಟೆಯೊಳಗೆ ನೀರಿನ ಗಂಟು, ಗಂಟೆಗಟ್ಟಲೆ ತಲೆ ಕೆಳಗಾಗಿ ಮಲಗಿಸುವುದರಿಂದ ಕಣ್ಣಿಗೆ ಗಾಯ, ಇವೂ ಆಗಬಹುದೆಂದು ಆಮೇಲೆ ಓದಿ ತಿಳಿದೆ. ಅಮೆರಿಕದಲ್ಲಿ 2000ರಲ್ಲಿ ಒಪ್ಪಿಗೆ ಪಡೆದ ಡಾ ವಿಂಚಿ ಯಂತ್ರ ತಾನಾಗಿ ಕೊಯ್ಯುವುದಿಲ್ಲ. ಅದರ ಕೈಗಳನ್ನು ಆಡಿಸುವವರು ಸರ್ಜನ್. ಆದ್ದರಿಂದ ಉತ್ತರ ಹೇಳಬೇಕಾದವರೂ ಅವರೇ.

ನಮ್ಮದೂ ತಪ್ಪಿದೆ, ಅಕ್ಕಂದಿರೇ. ‘ಆ ಜಾಗದ ವಿಷಯ’ ಎಂದು ನಾಚಿ ಬಾಯಿ ಮುಚ್ಚುತ್ತೇವೆ. ನೆನೆದ ಹಾಸಿಗೆ ಬಟ್ಟೆ ಒಗೆಯುವಾಗ ಇಲ್ಲದ ನಾಚಿಕೆ ಪ್ರಶ್ನೆ ಕೇಳುವಾಗ ಏಕೆ? ಕನ್ನಡದಲ್ಲೇ ವಿವರಿಸಿ ಎಂದು ಕೇಳಿ. ವರ್ಷಗಳಾದ ಮೇಲೆ ಉರಿ, ರಕ್ತ ಕಂಡರೂ ಹಳೆಯ ಆಪರೇಷನ್ನಿನ ವಿಷಯ ಮೊದಲು ಹೇಳಿ. ಬಾರ್ಲಿ ನೀರು ಆಮೇಲೆ ಕುಡಿಸಬಹುದು.