ಅಸಲಿ ಎಂಬ ತುಕ್ಕು

ಹಳೆಯ ಕಾರುಗಳ ಲೋಕದಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ‘ಒರಿಜಿನಲ್ಲಾ?’ ಎಂಜಿನ್ ನಂಬರು ದಾಖಲೆಗೆ ತಾಳೆಯಾಗುತ್ತದೆಯೇ, ಬಣ್ಣ ಕಾರ್ಖಾನೆಯದ್ದೇ, ಸೀಟಿನ ಹೊಲಿಗೆ ಆ ವರ್ಷದ್ದೇ? ಗಾಡಿ ಓಡುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ ಎನ್ನುವುದು ಆಮೇಲಿನ ಮಾತು. ಮನೆಯ ಶೆಡ್ಡಿನಲ್ಲಿ, ಭಾನುವಾರಗಳನ್ನು ಸವೆಸಿ, ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮತ್ತೆ ರಸ್ತೆಗಿಳಿಸುವ ಹವ್ಯಾಸಕ್ಕೆ ಈ ಪ್ರಶ್ನೆ ಮಾಡಿದಷ್ಟು ಕೇಡನ್ನು ತುಕ್ಕು ಕೂಡ ಮಾಡಿಲ್ಲ ಎನ್ನುವುದು ನನ್ನ ವಾದ.

ಒಂದು ಕಾರನ್ನೇ ಎದುರಿಗಿಟ್ಟುಕೊಂಡು ಮಾತಾಡೋಣ. ಟ್ರಯಂಫ್ ಸ್ಪಿಟ್‌ಫೈರ್, 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎರಡು ಸೀಟಿನ ಪುಟ್ಟ ಗಾಡಿ. ಮೂರು ಲಕ್ಷಕ್ಕೂ ಹೆಚ್ಚು ತಯಾರಾದವು, ಸಿರಿವಂತರ ಕಾರೇನಲ್ಲ. ಇಟಲಿಯ ಮಿಕೆಲೊಟ್ಟಿ ಇದರ ರೂಪ ಬರೆದರು. ಅಡಿಪಾಯ ಮಾತ್ರ ಟ್ರಯಂಫ್ ಹೆರಾಲ್ಡ್ ಎಂಬ ಸಂಸಾರಸ್ಥರ ಕಾರಿನದು. ಚೆನ್ನೈ ಓದುಗರ ಮನೆಯ ಹಿರಿಯರಿಗೆ ಈ ಹೆಸರು ಹೊಸದಲ್ಲ: 1961ರಿಂದ ಮದ್ರಾಸಿನಲ್ಲಿ ತಯಾರಾದ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಇದೇ.

ಹೆರಾಲ್ಡ್ ಹುಟ್ಟುವ ಹೊತ್ತಿಗೆ ಚಾಸಿ ಮತ್ತು ಬಾಡಿಯನ್ನು ಒಂದೇ ಡಬ್ಬಿಯಾಗಿ ಬೆಸೆಯುವ ಪದ್ಧತಿ ಬಂದಾಗಿತ್ತು. ಆದರೆ ಟ್ರಯಂಫ್‌ಗೆ ಬಾಡಿ ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಂಪನಿಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಕೊಂಡಿತು. ಬೇರೆ ದಾರಿಯಿಲ್ಲದೆ ಟ್ರಯಂಫ್ ಹಳೆಯ ಪದ್ಧತಿಗೇ ಮರಳಿತು: ಪ್ರತ್ಯೇಕ ಚಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿಯ ಭಾಗಗಳು. ಅವತ್ತಿನ ಆ ಇಕ್ಕಟ್ಟು ಇವತ್ತಿನ ಹವ್ಯಾಸಿಗೆ ವರವಾಗಿದೆ. ಸ್ಪಿಟ್‌ಫೈರ್‌ನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ; ಮುಂಚಕ್ರದ ಮೇಲೆ ಕೂತೇ ಎಂಜಿನ್ ಕೆಲಸ ಮಾಡಬಹುದು. ಬಿಚ್ಚಿ ಜೋಡಿಸಲಿ ಎಂದೇ ಯಾರೋ ಮಾಡಿಟ್ಟಂತಿರುವ ಗಾಡಿ ಇದು.

ಇಂಥ ಗಾಡಿಯಲ್ಲಿ ‘ಅಸಲಿ ಬಿಡಿಭಾಗ ಮುಟ್ಟಬೇಡಿ’ ಎಂಬ ಮಾತಿನ ಅರ್ಥವೇನು ನೋಡಿ. ಮುಂಚಕ್ರವನ್ನು ಹಿಡಿದಿರುವ ಉಕ್ಕಿನ ಕಂಬದ ಕೆಳತುದಿ, ಟ್ರನಿಯನ್ ಎಂಬ ಭಾಗದೊಳಗೆ ತಿರುಪಿನಂತೆ ತಿರುಗುತ್ತದೆ. ಅದಕ್ಕೆ ಗ್ರೀಸ್ ಸಾಲದು, ಗೇರ್ ಆಯಿಲ್ ಬೇಕು. ವರ್ಷಗಟ್ಟಲೆ ಎಣ್ಣೆ ಕಾಣದಿದ್ದರೆ ಥ್ರೆಡ್ಡು ಒಳಗೊಳಗೇ ತುಕ್ಕು ತಿಂದು ಒಂದು ದಿನ ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಭಾಗ ಅಚ್ಚ ಅಸಲಿ! ಇನ್ನು ಹಿಂಚಕ್ರಗಳು: ವೇಗದ ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಅವು ಒಳಕ್ಕೆ ವಾಲಿ ಗಾಡಿಯ ಹಿಡಿತ ತಪ್ಪಿಸುತ್ತಿದ್ದವು. ಇದು ದೋಷವೆಂದು ಅರಿತು ಕಂಪನಿಯೇ 1970ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಹಿಂದಿನ ಸ್ಪ್ರಿಂಗಿನ ವಿನ್ಯಾಸ ಬದಲಿಸಿತು. 1965ರ ಗಾಡಿಗೆ ಆ ಸುಧಾರಣೆ ಅಳವಡಿಸಿದವನು ಶುದ್ಧಿವಾದಿಗಳ ಕಣ್ಣಿಗೆ ಅಪರಾಧಿ. ತಯಾರಿಸಿದವರೇ ತಿದ್ದಿಕೊಂಡ ತಪ್ಪನ್ನು ನಾವು ಪೂಜಿಸಬೇಕೇ?

ಅಸಲಿ ಯಾವುದು ಎಂಬ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. 1929 ಮತ್ತು 1930ರಲ್ಲಿ ಲ ಮಾನ್ ಓಟ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿಯನ್ನು ಕೊಳ್ಳಲು ಒಪ್ಪಿದ್ದವರು, ಗೆದ್ದಾಗಿನ ಭಾಗಗಳು ಇದರಲ್ಲಿ ಉಳಿದೇ ಇಲ್ಲ, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ನ್ಯಾಯಾಧೀಶರು ತೀರ್ಪಿತ್ತದ್ದು ಮಾರುವವರ ಪರ. ಭಾಗಗಳು ಬದಲಾದರೂ ಕಾರಿನ ಚರಿತ್ರೆ ಎಲ್ಲೂ ತುಂಡಾಗಿರಲಿಲ್ಲ, ಹಾಗಾಗಿ ಆ ಹೆಸರಿಗೆ ಅದು ಹಕ್ಕುದಾರ. ಗುರುತು ಇರುವುದು ಲೋಹದಲ್ಲಲ್ಲ, ಕಡಿಯದ ಬಾಳಿನಲ್ಲಿ.

ಅನುವಾದ ನನ್ನ ಹೊಟ್ಟೆಪಾಡು. ಮೂಲದ ಒಂದು ಪದವನ್ನೂ ಉಳಿಸದೆ ‘ಇದು ಅದೇ ಪುಸ್ತಕ’ ಎಂದು ಓದುಗರ ಕೈಗಿಡುವ ಕಸುಬಿನವರಿಗೆ ಈ ತೀರ್ಪು ವಿಚಿತ್ರ ಅನಿಸುವುದಿಲ್ಲ. ಕನ್ನಡಕ್ಕಂತೂ ಅನಿಸಲೇಬಾರದು. ನಮ್ಮ ಶಾಸನಗಳಲ್ಲಿ ದೇವಾಲಯಕ್ಕೆ ದತ್ತಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಬರೆಸುವುದು ವಾಡಿಕೆ: ಒಡೆದದ್ದು, ಬಿರಿದದ್ದು, ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸಲು. ಕಟ್ಟಿದ್ದು ಒಡೆಯುತ್ತದೆ, ದುರಸ್ತಿ ಬೇಕಾಗುತ್ತದೆ ಎಂದು ಅವರು ಮೊದಲೇ ಲೆಕ್ಕ ಹಾಕಿದ್ದರು. ರೆಸ್ಟೊರೇಶನ್ ಎಂಬ ಪದಕ್ಕೆ ಕನ್ನಡ ಹುಡುಕುವವರು ದೂರ ಹೋಗಬೇಕಿಲ್ಲ.

ನಮ್ಮ ಕಾನೂನಿನ ದಿಕ್ಕು ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ‘ವಿಂಟೇಜ್’ ಅನ್ನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಹೀಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆ. ಹೊಗೆಯ ದೃಷ್ಟಿಯಿಂದ ಓಡಾಟಕ್ಕೆ ಮಿತಿ ಹಾಕಿದರೆ ನನ್ನ ತಕರಾರಿಲ್ಲ. ತಕರಾರಿರುವುದು ‘ಮೂಲರೂಪ’ದ ಬಗ್ಗೆ. ತುಕ್ಕು ತಿಂದ ಫ್ಲೋರನ್ನು ಕತ್ತರಿಸಿ ಹೊಸ ತಗಡು ಬೆಸೆದರೆ ಅದು ದುರಸ್ತಿಯೋ ಬದಲಾವಣೆಯೋ? ಬ್ರಿಟನ್ನಿನಲ್ಲಿ ಬಹುಕಾಲ ಇದಕ್ಕೊಂದು ಅಂಕಪಟ್ಟಿಯೇ ಇತ್ತು: ಚಾಸಿಗೆ 5, ಸಸ್ಪೆನ್ಶನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್‌ಗೆ ತಲಾ 2, ಎಂಜಿನ್‌ಗೆ ಕೇವಲ 1. ಒಟ್ಟು 8 ಬಂದರೆ ಹಳೆಯ ನೋಂದಣಿ ಉಳಿಯುತ್ತಿತ್ತು. ಆ ಪಟ್ಟಿಯ ಬಗ್ಗೆ ಜಗಳವಾಡಬಹುದು. ಆದರೆ ಜಗಳವಾಡಲು ಒಂದು ಪಟ್ಟಿಯಾದರೂ ಇತ್ತು.

‘ಹಾಗಾದರೆ ಏನು ಬೇಕಾದರೂ ಮಾಡಬಹುದೋ?’ ಎಂದು ಕೇಳುವಿರಿ. ಇಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿನ ಕೆತ್ತನೆಗೆ ಆಯಿಲ್ ಪೇಂಟ್ ಬಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಬದಲಿಸಿದ್ದನ್ನು ಬದಲಿಸಿಲ್ಲ ಎಂದು ಹೇಳಿ ಮಾರುವುದು ಶುದ್ಧ ಮೋಸ. ಅದಕ್ಕೆ ಮದ್ದು ಒಂದು ನೋಟ್‌ಬುಕ್ಕು: ಯಾವ ಭಾಗ, ಯಾವಾಗ, ಏಕೆ ಬದಲಾಯಿತು ಎಂಬ ಬರಹ, ತೆಗೆದ ಭಾಗದ ಫೋಟೊ, ಸಾಧ್ಯವಾದರೆ ಆ ಭಾಗವೇ ಒಂದು ಡಬ್ಬಿಯಲ್ಲಿ. ಮುಂದಿನವರು ಬೇಕೆಂದರೆ ಹಿಂದಕ್ಕೆ ಹೋಗುವ ದಾರಿ ಇರಲಿ.

ಇದು ದುಡ್ಡಿದ್ದವರ ಶೋಕಿ ಎನ್ನುವವರಿಗೂ ಒಂದು ಮಾತು. ಅದನ್ನು ಹಾಗೆ ಮಾಡಿದ್ದೇ ಅಸಲಿಯ ಗೀಳು. ನಂಬರು ತಾಳೆಯಾಗುವ ಎಂಜಿನ್‌ಗೆ ಬೆಲೆ ಬಂದ ದಿನ ಕಾರು ಆಸ್ತಿಯಾಯಿತು. ಆಸ್ತಿಗೆ ಬಟ್ಟೆ ಹೊದಿಸುತ್ತಾರೆ, ಬೀಗ ಹಾಕುತ್ತಾರೆ. ಸ್ಪ್ಯಾನರ್ ಹಿಡಿದವರು ಹೊರಗೆ ನಿಲ್ಲುತ್ತಾರೆ. ಹೈದರಾಬಾದಿನಲ್ಲೋ ಪುಣೆಯಲ್ಲೋ ತಾತನ ಹೆರಾಲ್ಡ್ ಇಟ್ಟಿಗೆಗಳ ಮೇಲೆ ನಿಂತಿದ್ದರೆ, ‘ಅಸಲಿ ಭಾಗ ಸಿಗಲಿ’ ಎಂದು ಕಾಯಬೇಡಿ. ಕಾಯುತ್ತಿರುವಷ್ಟೂ ದಿನ ತುಕ್ಕು ತನ್ನ ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ಅಸಲಿ ನಕಲಿಯ ಭೇದವಿಲ್ಲ.