ದೊಡ್ಡ ಟೈರಿನ ನಿಜವಾದ ಬೆಲೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಟ್ರಕ್ಕು ರೈತನಿಗೂ ಬಡಗಿಗೂ ದುಡಿಮೆಯ ಸಾಧನ. ಮತ್ತೆಷ್ಟೋ ಮಂದಿಗೆ ಪ್ರತಿಷ್ಠೆಯ ಗುರುತು. ಅದನ್ನು ಕೊಂಡವರಲ್ಲಿ ಅನೇಕರು ಕಾರ್ಖಾನೆಯವರು ತೊಡಿಸಿದ ಟೈರುಗಳನ್ನು ಕಳಚಿಸಿ, ಅವಕ್ಕಿಂತ ಎತ್ತರವೂ ಅಗಲವೂ ಆದ ಟೈರುಗಳನ್ನು ಹಾಕಿಸುತ್ತಾರೆ. ಕೆಲವು ವಾರಗಳಲ್ಲೇ ದೂರು ಹುಟ್ಟುತ್ತದೆ: ಗಾಡಿ ಪೆಟ್ರೋಲು ಕುಡಿಯುತ್ತಿದೆ! ಟೈರಿನ ಅಂಗಡಿಯವನಾದರೋ, ಅದೆಲ್ಲ ಮೀಟರಿನ ಭ್ರಮೆ ಎಂದು ಸಮಾಧಾನ ಹೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯದ ಒಂದೊಂದು ಪಾಲು ಮಾತ್ರ ಇದೆಯೆಂಬುದು ನಮ್ಮ ಅಭಿಪ್ರಾಯ. ಆ ಪಾಲುಗಳನ್ನು ಬೇರ್ಪಡಿಸಿ ನೋಡದ ಹೊರತು ಕೊಳ್ಳುವವನಿಗೆ ನ್ಯಾಯ ದೊರೆಯದು.

ಮೊದಲು ಮೀಟರಿನ ಮಾತು. ವಾಹನದ ದೂರಮಾಪಕವು ರಸ್ತೆಯನ್ನು ಅಳೆಯುವುದಿಲ್ಲ; ಗಾಲಿಯ ಸುತ್ತುಗಳನ್ನೆಣಿಸಿ, ಪ್ರತಿ ಸುತ್ತಿಗೆ ಇಷ್ಟು ದೂರವೆಂದು ಗುಣಿಸುತ್ತದೆ. ಅನೇಕ ಪಿಕಪ್ಪುಗಳಿಗೆ ಕಾರ್ಖಾನೆಯಲ್ಲಿ ತೊಡಿಸುವ ಒಂದು ಅಳತೆ 265/70 ಆರ್ 17. ಎಂದರೆ ಅಗಲ 265 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ 70, ಒಳಗಿನ ಚಕ್ರದ ವ್ಯಾಸ 17 ಅಂಗುಲ. ಲೆಕ್ಕ ಹಾಕಿದರೆ ಟೈರಿನ ಪೂರ್ಣ ವ್ಯಾಸ ಸುಮಾರು 803 ಮಿಲಿಮೀಟರು. ಇದರ ಬದಲು 315/70 ಆರ್ 17 ಹಾಕಿಸಿದರೆ ವ್ಯಾಸ ಸುಮಾರು 873 ಮಿಲಿಮೀಟರಾಗುತ್ತದೆ; ಹೆಚ್ಚಳ ಶೇಕಡಾ 8.7. ಗಾಡಿ ನಿಜವಾಗಿ 108.7 ಕಿಲೋಮೀಟರು ಓಡಿದಾಗ ಮಾಪಕ 100 ಎಂದೇ ತೋರಿಸುತ್ತದೆ. ಹೊರೆಗೆ ಟೈರು ತುಸು ಅದುಮುವುದರಿಂದ ಅಂಕಿ ಕೊಂಚ ಬದಲಾದೀತು, ತತ್ತ್ವ ಬದಲಾಗದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹಳೆಯ ಟೈರಿನಲ್ಲಿ ಲೀಟರಿಗೆ 9 ಕಿಲೋಮೀಟರು ಬರುತ್ತಿತ್ತು. ಹೊಸ ಟೈರಿನಲ್ಲಿ 60 ಲೀಟರಿಗೆ ಮಾಪಕ 460 ಕಿಲೋಮೀಟರು ತೋರಿಸಿತು. ಲೀಟರಿಗೆ 7.67 ಆಯಿತು, ಶೇಕಡಾ 15ರಷ್ಟು ನಷ್ಟವಾಯಿತು ಎಂದು ಒಡೆಯ ಕಳವಳಗೊಳ್ಳುತ್ತಾನೆ. ಆದರೆ ಗಾಡಿ ನಿಜವಾಗಿ ಓಡಿದ್ದು 500 ಕಿಲೋಮೀಟರು, ಲೀಟರಿಗೆ 8.33. ನಿಜವಾದ ನಷ್ಟ ಶೇಕಡಾ ಏಳೂವರೆಯ ಆಸುಪಾಸು. ನಷ್ಟದ ಅರ್ಧ ಮೀಟರಿನ ಸುಳ್ಳು. ಉಳಿದರ್ಧ ಜೇಬಿನಿಂದ ಹೋದದ್ದು. ಅಂಗಡಿಯವನು ಮೊದಲರ್ಧವನ್ನು ಹೇಳಿ ಎರಡನೆಯದನ್ನು ನುಂಗಿಕೊಳ್ಳುತ್ತಾನೆ.

ಈ ಎರಡನೆಯ ಅರ್ಧ ಎಲ್ಲಿಂದ ಬಂತು? ಟೈರಿನ ತೂಕದಿಂದ ಎಂದು ಹಲವರು ಹೇಳುವುದುಂಟು. ಒಂದೊಂದು ಟೈರು 10 ಕಿಲೋಗ್ರಾಂ ಹೆಚ್ಚು ತೂಗಿದರೆ ನಾಲ್ಕಕ್ಕೆ 40 ಕಿಲೋಗ್ರಾಂ. ತೂಕವು ಗಾಲಿಯ ಅಂಚಿನಲ್ಲಿದ್ದು, ಮುಂದೆ ಸಾಗುವುದರೊಡನೆ ತಿರುಗುವುದೂ ಇರುವುದರಿಂದ, ವೇಗ ಏರಿಸುವಾಗ ಅದು ಹೆಚ್ಚೆಂದರೆ ಎರಡು ಪಟ್ಟು, ಅಂದರೆ 80 ಕಿಲೋಗ್ರಾಮಿನಂತೆ ವರ್ತಿಸೀತು. 2,200 ಕಿಲೋಗ್ರಾಂ ತೂಗುವ ವಾಹನಕ್ಕೆ ಇದು ಶೇಕಡಾ 4ಕ್ಕಿಂತ ಕಡಿಮೆ. ನಿಂತು ನಿಂತು ಹೊರಡುವ ಪೇಟೆಯ ಓಡಾಟದಲ್ಲಿ ಇದು ಕಾಡುತ್ತದೆ. ಒಂದೇ ವೇಗದ ಹೆದ್ದಾರಿಯಲ್ಲಿ ಇದರ ಕಾಟ ಅತ್ಯಲ್ಪ.

ವ್ಯಾಸವೊಂದೇ ಅಪರಾಧಿಯೂ ಅಲ್ಲ. ನಮ್ಮ ಎತ್ತಿನ ಗಾಡಿಯ ಚಕ್ರವನ್ನು ಬಡಗಿ ಎದೆಯೆತ್ತರಕ್ಕೆ ಕಟ್ಟಿದ್ದು ಅಂದಕ್ಕಲ್ಲ. ದೊಡ್ಡ ಚಕ್ರ ಹಳ್ಳದಿಣ್ಣೆಗಳನ್ನು ಸುಲಭವಾಗಿ ದಾಟುತ್ತದೆ, ಹಗುರಾಗಿ ಉರುಳುತ್ತದೆ. ಹಾಗಾದರೆ ದೊಡ್ಡ ಟೈರು ಏಕೆ ಭಾರವಾಗಿ ಉರುಳಬೇಕು? ಅದರ ಮೈಯೇ ಬೇರೆಯಾಗಿರುವುದರಿಂದ. ಕೆಸರಿಗೆಂದು ಮಾಡಿದ ಟೈರಿನಲ್ಲಿ ರಬ್ಬರಿನ ದಪ್ಪ ಗಡ್ಡೆಗಳಿರುತ್ತವೆ. ಪ್ರತಿ ಸುತ್ತಿನಲ್ಲಿಯೂ ಅವು ನೆಲಕ್ಕೊತ್ತಿ ಬಾಗಿ ಮತ್ತೆ ಹಿಗ್ಗುತ್ತವೆ. ಬಾಗಲು ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸದೆ, ಒಂದು ಪಾಲನ್ನು ಶಾಖವಾಗಿ ಚೆಲ್ಲುತ್ತವೆ. ಇದೇ ಉರುಳುವಿಕೆಯ ಪ್ರತಿರೋಧದ ಮುಖ್ಯ ಮೂಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ರಯಾಣಿಕ ವಾಹನಗಳಲ್ಲಿ ಈ ಪ್ರತಿರೋಧ ಶೇಕಡಾ 10 ಇಳಿದರೆ ಇಂಧನದ ಮಿತವ್ಯಯ ಶೇಕಡಾ 1ರಿಂದ 2 ಹೆಚ್ಚುತ್ತದೆ. ಅದೇ ಲೆಕ್ಕದಲ್ಲಿ, ಟೈರಿನ ಪ್ರತಿರೋಧ ಶೇಕಡಾ 30 ಏರಿದರೆ ಶೇಕಡಾ 3ರಿಂದ 6ರಷ್ಟು ಕಳೆದುಕೊಂಡಂತೆ.

ಇದರ ಜೊತೆಗೆ ವಾಯುವಿನ ತಡೆ. ಅಗಲವಾದ ಟೈರು ಹೆಚ್ಚು ಗಾಳಿಯನ್ನು ಸೀಳಬೇಕು. ಅದು ಹಿಡಿಯಲೆಂದು ಗಾಡಿಯ ಮೈಯನ್ನು ಎತ್ತರಿಸಿದರೆ ಕೆಳಗೆ ನುಗ್ಗುವ ಗಾಳಿಯೂ ಹೆಚ್ಚು. ಈ ತಡೆ ವೇಗದ ವರ್ಗದಂತೆ ಬೆಳೆಯುವುದರಿಂದ, ಗಂಟೆಗೆ 80 ಕಿಲೋಮೀಟರಿನಲ್ಲಿ ಇದ್ದದ್ದು 110ರಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇನ್ನು ಗೇರಿನ ವಿಷಯ: ಟೈರು ಹಿಗ್ಗಿದರೆ ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ಕಡಿಮೆಯಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ಇದು ಅಲ್ಪ ಲಾಭವನ್ನೂ ಕೊಟ್ಟೀತು. ಏರಿನಲ್ಲಿ, ಹೊರೆಯಿದ್ದಾಗ, ಯಂತ್ರ ಏದುತ್ತದೆ. ಗೇರು ಮತ್ತೆ ಮತ್ತೆ ಕೆಳಗಿಳಿಯುತ್ತದೆ. ಹಿಂದಿನ ಅಚ್ಚಿನಲ್ಲಿ 3.73ರ ಗೇರಿದ್ದವರು 4.10ರದನ್ನು ಹಾಕಿಸುವುದು ಈ ಕಾರಣದಿಂದಲೇ.

ವರ್ಷಕ್ಕೆ 24,000 ಕಿಲೋಮೀಟರು ಓಡಿಸುವವನಿಗೆ ನಮ್ಮ ಉದಾಹರಣೆಯ ನಷ್ಟವೆಂದರೆ 213 ಲೀಟರು ಪೆಟ್ರೋಲು. ಒಂದು ಲೀಟರು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡು ಹೊರಡುವುದರಿಂದ, ಗಾಳಿಗೆ ಸೇರುವ ಹೊರೆ ವರ್ಷಕ್ಕೆ ಅರ್ಧ ಟನ್ನಿನ ಹತ್ತಿರ. ಹಣಕ್ಕಿಂತ ಮಿಗಿಲಾದ ಮಾತೊಂದಿದೆ. ಗಂಟೆಗೆ 100 ಎಂದು ವೇಗಮಾಪಕ ತೋರಿಸುವಾಗ ಗಾಡಿ 108ನ್ನು ದಾಟಿರುತ್ತದೆ. ಲಕ್ಷ ಕಿಲೋಮೀಟರು ಓಡಿದೆಯೆಂದು ಮಾರಲಿಟ್ಟ ವಾಹನ ಮತ್ತೆ ಎಂಟು ಸಾವಿರಕ್ಕೂ ಹೆಚ್ಚು ಸವೆದಿರುತ್ತದೆ. ಮೋಸಮಾಡುವ ಉದ್ದೇಶ ಯಾರಿಗೂ ಇಲ್ಲದಿದ್ದರೂ ಮೋಸ ನಡೆದೇ ಹೋಗುತ್ತದೆ.

ಹೀಗೆಂದು ದೊಡ್ಡ ಟೈರನ್ನು ನಿಷೇಧಿಸಬೇಕೆಂದು ನಾವು ವಾದಿಸುವುದಿಲ್ಲ. ಕೆಸರಿನ ಹೊಲದಲ್ಲಿ, ಕಲ್ಲುದಾರಿಯಲ್ಲಿ ದುಡಿಯುವವನಿಗೆ ಅದು ಅವಶ್ಯಕ. ಹೂತುಹೋದ ಗಾಡಿಗೆ ಮೈಲೇಜು ಎಲ್ಲಿಯದು? ನಾವು ಕೇಳುವುದು ಎರಡನ್ನೇ. ಟೈರಿನ ಅಳತೆ ಬದಲಿಸಿದ ಕಡೆಯೇ ಮಾಪಕವನ್ನೂ ಸರಿಪಡಿಸಿಕೊಡುವುದು ಕೆಲಸದ ಒಂದು ಅಂಗವಾಗಬೇಕು. ಮತ್ತು ಟೈರು ಎಷ್ಟು ಭಾರವಾಗಿ ಉರುಳುತ್ತದೆ, ಒದ್ದೆ ರಸ್ತೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು ಕೊಳ್ಳುವವನ ಕಣ್ಣಿಗೆ ಬೀಳಬೇಕು. ಇದು ಅಸಾಧ್ಯವೇನಲ್ಲ. ಯುರೋಪಿನ ಒಕ್ಕೂಟದಲ್ಲಿ 2012ರ ನವೆಂಬರಿನಿಂದ ಟೈರಿಗೆ ಇಂಥ ಗುರುತುಚೀಟಿ ಕಡ್ಡಾಯವಾಯಿತು. ಭಾರತದಲ್ಲಿ 2022ರ ಜೂನಿನಲ್ಲಿ ಹೊರಟ ಅಧಿಸೂಚನೆಯು ಉರುಳುವಿಕೆಯ ಪ್ರತಿರೋಧಕ್ಕೂ ಒದ್ದೆಯ ಹಿಡಿತಕ್ಕೂ ಸದ್ದಿಗೂ ಮಟ್ಟಗಳನ್ನು ಗೊತ್ತುಪಡಿಸಿತು. ಅಮೆರಿಕದ ಕಾಂಗ್ರೆಸ್ಸು 2007ರ ಶಾಸನದಲ್ಲಿಯೇ ಗ್ರಾಹಕರಿಗೆ ಈ ಮಾಹಿತಿ ಸಿಗಬೇಕೆಂದು ವಿಧಿಸಿದ್ದರೂ, 2010ರಲ್ಲಿ ಹೊರಬಂದ ನಿಯಮ ಪರೀಕ್ಷೆಯ ವಿಧಾನವನ್ನು ನಿಗದಿಮಾಡಿ, ಚೀಟಿಯ ಮಾತನ್ನು ಮುಂದಕ್ಕೆ ಹಾಕಿತು. ಪಿಕಪ್ಪಿನ ನಾಡಿಗೆ ಇದು ಶೋಭೆಯಲ್ಲ.

ಅಲ್ಲಿಯವರೆಗೆ ವಾಹನದ ಒಡೆಯನು ಮಾಡಬಹುದಾದ ಪರೀಕ್ಷೆ ಸುಲಭವಾದದ್ದು. ಹೆದ್ದಾರಿಯ ದೂರಸೂಚಕ ಕಲ್ಲುಗಳ ಪಕ್ಕದಲ್ಲಿ ಐವತ್ತು ಕಿಲೋಮೀಟರು ಓಡಿಸಿ ಮಾಪಕದೊಡನೆ ತಾಳೆನೋಡಲಿ. ಬಂದ ಅನುಪಾತದಿಂದ ಗುಣಿಸಿದ ಮೇಲೆ ಪೆಟ್ರೋಲಿನ ಲೆಕ್ಕ ಹಾಕಲಿ. ಟೈರಿನ ಗಾಳಿಯ ಒತ್ತಡವನ್ನೂ ಪರೀಕ್ಷಿಸಲಿ. ಆಮೇಲೂ ದೊಡ್ಡ ಟೈರು ಬೇಕೆನಿಸಿದರೆ ಧಾರಾಳವಾಗಿ ಇಟ್ಟುಕೊಳ್ಳಲಿ. ಬೆಲೆಯನ್ನು ತಿಳಿದು ತೆತ್ತವನನ್ನು ಯಾರೂ ಮೋಸಗೊಳಿಸಿದಂತಾಗುವುದಿಲ್ಲ.